ನೂರಕ್ಕೆ ಎಂಬತ್ತು: ನಿಮ್ಮ ಫಲಕ ಮತ್ತು ನಮ್ಮ ಈರಕ್ಕನ ಕೆಮ್ಮು

ಜಾಗೃತಿ ಫಲಕಗಳ ಮಾನ್ಯ ಅಧಿಕಾರಿಗಳೇ,

ನಿಮ್ಮ ಹೆಸರು ನನಗೆ ಗೊತ್ತಿಲ್ಲ. ಗೊತ್ತಿದ್ದರೂ ಬರೆಯುತ್ತಿರಲಿಲ್ಲ. ನನ್ನ ಜಗಳ ಕುರ್ಚಿಯ ಜೊತೆ, ಅದರ ಮೇಲೆ ಕುಂತವರ ಜೊತೆಯಲ್ಲ. ತಾಳ್ಯದಲ್ಲಿ ಬಸ್ಸು ನಿಲ್ಲುವ ಕಡೆ ಬೇವಿನ ಮರಕ್ಕೆ ಒರಗಿಸಿ ನೀವು ಮತ್ತೆ ನಿಲ್ಲಿಸಿರುವ ಫಲಕವನ್ನು ಕೂಡಲೇ ಇಳಿಸಿ ಎಂದು ಕೇಳುವುದಕ್ಕೆ ಈ ಪತ್ರ. ಅದನ್ನು ನಂಬಿಕೊಂಡು ನನ್ನ ಸೋದರತ್ತೆ ಈರಕ್ಕ ಮೈಸುಡುವ ಜ್ವರದಲ್ಲಿ ಕೆಮ್ಮುತ್ತ ಜಗಲಿಯ ಮೇಲೆ ಕುಂತಿದ್ದಾಳೆ, ಆಸ್ಪತ್ರೆಗೆ ಬರಲೊಲ್ಲಳು. ಫಲಕಕ್ಕೆ ಹೆದರಿ ಅಲ್ಲ ಸ್ವಾಮಿ, ಫಲಕದಿಂದ ಧೈರ್ಯ ತಂದುಕೊಂಡು! ಹೆದರಿಸಲೆಂದು ಬರೆಸಿದ ಹಲಗೆಯಿಂದ ಒಬ್ಬ ಮುದುಕಿಗೆ ಇಷ್ಟು ಧೈರ್ಯ ತುಂಬಿದ ಇಲಾಖೆ ಜಗತ್ತಿನಲ್ಲಿ ಇನ್ನೊಂದು ಇರಲಾರದು. ಆ ಸಾಧನೆ ಹೇಗಾಯಿತೆಂದು ನಿಮಗೇ ಗೊತ್ತಿಲ್ಲದಿರಬಹುದು. ಹೇಳುತ್ತೇನೆ, ಕಡತದ ಹೊಟ್ಟೆಗೆ ಹಾಕುವ ಮುಂಚೆ ಓದಿ.

ಫಲಕ ಹೀಗಿದೆ. ನಡುವೆ ಗಾಡಿ ಚಕ್ರದಷ್ಟು ದೊಡ್ಡದಾಗಿ, ರಕ್ತದ ಬಣ್ಣದಲ್ಲಿ ‘ನೂರಕ್ಕೆ ಎಂಬತ್ತು’. ಅದರ ಕೆಳಗೆ ‘ಅರವತ್ತು ದಾಟಿದ ಹಿರಿಯರೇ, ಎಚ್ಚರ!’ ಇನ್ನೂ ಕೆಳಗೆ, ಇರುವೆ ಓದಲೆಂದು ಬರೆಸಿದಂತಿರುವ ಅಕ್ಷರಗಳಲ್ಲಿ ‘ಸೋಂಕಿನಿಂದ ಮೃತಪಟ್ಟವರ ಪೈಕಿ’. ಇಡೀ ಸತ್ಯ ಆ ಇರುವೆ ಸಾಲಿನಲ್ಲಿದೆ. ಅದನ್ನು ಯಾರೂ ಓದಲಿಲ್ಲ. ಓದದಂತೆ ಬರೆಸಿದವರು ನೀವು, ಓದಲಿಲ್ಲವೆಂದು ಬೈಸಿಕೊಂಡವರು ನಾವು.

ಮೊದಲ ಸಲ ಈ ರೋಗ ಬಂದ ಕಾಲದಲ್ಲಿ ನಾನು ಹೊಸದುರ್ಗದಲ್ಲಿ ಸಿಕ್ಕಿಹಾಕಿಕೊಂಡಿದ್ದೆ. ಬಸ್ಸಿಲ್ಲ, ರಸ್ತೆಗೆಲ್ಲ ಬೇಲಿ. ಆಮೇಲೆ ಊರಿಗೆ ಬಂದಾಗ ಹಟ್ಟಿಯ ಒಬ್ಬೊಬ್ಬರೂ ಹೇಳಿದ್ದನ್ನು ಜೋಡಿಸಿ ಬರೆಯುತ್ತಿದ್ದೇನೆ. ನಮ್ಮದು ಕುರಿ ಸಾಕುವವರ ಹಟ್ಟಿ. ಅದರ ಯಜಮಾನ ಜಂಪಣ್ಣ, ಒಂದು ಅವಧಿ ಪಂಚಾಯಿತಿ ಸದಸ್ಯನಾಗಿದ್ದವನು, ಆದ್ದರಿಂದ ಸರ್ಕಾರಿ ಅಕ್ಷರ ಓದುವ ಹಕ್ಕು ಅವನದು. ತಾಳ್ಯಕ್ಕೆ ಹೋಗಿ ಫಲಕ ನೋಡಿ ಬಂದವನೇ ಕಟ್ಟೆಯ ಮೇಲೆ ನಿಂತು ಸಾರಿದ:

“ಕೇಳ್ರಪ್ಪೋ! ಅರವತ್ತು ದಾಟಿದೋರಾಗೆ ನೂರಕ್ಕೆ ಎಂಬತ್ತು ಜನ ಹೋಗಿಬಿಡ್ತಾರಂತೆ. ಸರ್ಕಾರದೋರೇ ಬರ್ದು ನಿಲ್ಸ್ಯಾರೆ.”

ನೋಡಿದಿರಾ? ಸತ್ತವರಲ್ಲಿ ಮುದುಕರೆಷ್ಟು ಎಂಬುದನ್ನು ನೀವು ಬರೆಸಿದಿರಿ. ಮುದುಕರಲ್ಲಿ ಸಾಯುವವರೆಷ್ಟು ಎಂದು ಜಂಪಣ್ಣ ಓದಿದ. ಎರಡರ ನಡುವೆ ಚಿತ್ರದುರ್ಗಕ್ಕೂ ದಿಲ್ಲಿಗೂ ಇರುವಷ್ಟು ಅಂತರ. ಆದರೆ ಜಂಪಣ್ಣನನ್ನು ನೋಡಿ ನಗುವ ಮುಂಚೆ ನಿಮ್ಮ ಕಚೇರಿಯಲ್ಲಿ ನಾಲ್ಕು ಜನರನ್ನು ನಿಲ್ಲಿಸಿ ಅದೇ ಫಲಕ ಓದಿಸಿ. ಟೈ ಕಟ್ಟಿದವರೂ ಹಾಗೇ ಓದುತ್ತಾರೆ. ಟೀವಿಯಲ್ಲಿ ಕಿರುಚಿದವರೂ ಹಾಗೇ ಓದಿದರು.

ಮುಂದೆ ಹಟ್ಟಿಯವರು ಮಾಡಿದ್ದನ್ನು ಮಾತ್ರ ಟೈ ಕಟ್ಟಿದವರು ಮಾಡುತ್ತಿರಲಿಲ್ಲ. ಹಿಂಡಿನಲ್ಲಿ ಕೆಮ್ಮು ಕಂಡರೆ ನಮ್ಮವರು ಮುದಿ ಕುರಿ, ಗಬ್ಬದ ಕುರಿ, ಎಳೆ ಮರಿಗಳನ್ನು ಹಿಂಡಿನಿಂದ ಬಿಡಿಸಿ ಬೇರೆ ರೊಪ್ಪಕ್ಕೆ ಕೂಡುತ್ತಾರೆ. ರೊಪ್ಪವೆಂದರೆ ಮುಳ್ಳುಬೇಲಿ ಕಟ್ಟಿದ ಕುರಿಮನೆ. ಅಪ್ಪ ಅಜ್ಜಂದಿರ ಕಾಲದ ಕ್ರಮ. ಕುರಿಗೆ ಸರಿಯಾದದ್ದು ಮನುಷ್ಯರಿಗೂ ಸರಿಯಲ್ಲವೇ? ಹಟ್ಟಿಯ ಮುದುಕ ಮುದುಕಿಯರನ್ನೆಲ್ಲ ಒಂದೇ ಕಡೆ, ಉದ್ಘಾಟನೆಗೆ ಕಾಯುತ್ತಿದ್ದ ಸಮುದಾಯ ಭವನದಲ್ಲಿ ಕೂಡುವುದೆಂದು ತೀರ್ಮಾನವಾಯಿತು. ಆ ಭವನವನ್ನು ಯಾವ ಮಂತ್ರಿಯೂ ಉದ್ಘಾಟಿಸಲಿಲ್ಲ, ನಿಮ್ಮ ಫಲಕ ಉದ್ಘಾಟಿಸಿತು.

ಬಾಗಿಲಲ್ಲಿ ಜಂಪಣ್ಣ ಆಧಾರ್ ಕಾರ್ಡು ನೋಡಿ ನೋಡಿ ಒಳಗೆ ಬಿಡುತ್ತಿದ್ದ. ನಮ್ಮಲ್ಲಿ ಆ ತಲೆಮಾರಿನವರ ವಯಸ್ಸೆಂದರೆ ಕಾರ್ಡು ಮಾಡುವ ಹುಡುಗ ಮುಖ ನೋಡಿ ಬಡಿದದ್ದು. ಎಲ್ಲರೂ ಜನವರಿ ಒಂದಕ್ಕೇ ಹುಟ್ಟಿದವರು. ನಮ್ಮಪ್ಪ ತಿಮ್ಮರಾಯಪ್ಪ ಅವತ್ತು ಕ್ಷೌರ ಮಾಡಿಸಿಕೊಂಡು ಹೋಗಿದ್ದನೇನೋ, ಆ ವರ್ಷ ಕಾರ್ಡಿನ ಲೆಕ್ಕದಲ್ಲಿ ಅವನಿಗೆ ಐವತ್ತೆಂಟು. ಆ ಲೆಕ್ಕಕ್ಕೆ ನಾನು ಹುಟ್ಟಿದಾಗ ಅವನು ಏಳನೇ ಕ್ಲಾಸಿನಲ್ಲಿ ಇರಬೇಕಿತ್ತು. ಶಾಲೆಯ ಮುಖ ನೋಡಿದವನಲ್ಲ, ಆ ಮಾತು ಬೇರೆ. ಅವನ ತಂಗಿ ಈರಕ್ಕನಿಗೆ ಕಾರ್ಡಿನಲ್ಲಿ ಅರವತ್ತಾರು.

“ಈರಕ್ಕ, ನಿನಗೆ ಅರವತ್ತಾರು ಐತೆ. ಒಳಿಕ್ಕೆ ನಡಿಯವ್ವ.”

“ಲೇ ಜಂಪಣ್ಣ, ಇವ್ನು ನಮ್ಮಣ್ಣ ಕಣೋ! ನನ್ನ ಕಂಕುಳಾಗೆ ಎತ್ಕಂಡು ಆಡ್ಸಿದೋನು. ಅವ್ನು ಹೊರಗೆ, ನಾನು ಒಳಗಾ?”

“ಕಾರ್ಡಿನಾಗೆ ಹಂಗೈತೆ, ನಾನೇನ್ ಮಾಡ್ಲಿ?”

ನಮ್ಮಪ್ಪ ಮೀಸೆ ತಿರುವಿದ. “ಹೋಗಕ್ಕ, ಹೋಗು. ಇನ್ಮ್ಯಾಲೆ ನೀನೇ ದೊಡ್ಡೋಳು.”

ಹೀಗೆ ಹಿರಿಯಣ್ಣ ಕಿರಿಯನಾಗಿ ಕೈಯಲ್ಲಿ ಕೋಲು ಹಿಡಿದು ಬಾಗಿಲು ಕಾದ. ರೋಗ ಅರವತ್ತರ ಗೆರೆಯ ಆಚೆ ನಿಂತು ಕಾರ್ಡು ಕೇಳಿ ಒಳಗೆ ಬರುತ್ತದೆಂದು ಅವನಿಗೆ ಕಲಿಸಿದವರು ಯಾರು? ವಯಸ್ಸು ಏರಿದಂತೆ ಅಪಾಯವೂ ಮೆಟ್ಟಿಲು ಮೆಟ್ಟಿಲಾಗಿ ಏರುತ್ತದೆ, ಸಕ್ಕರೆ ಕಾಯಿಲೆ, ಎದೆಯ ಕಾಯಿಲೆ ಇದ್ದರೆ ಇನ್ನಷ್ಟು ಏರುತ್ತದೆ, ನಲವತ್ತರವನೂ ಉಡಾಫೆ ಮಾಡಕೂಡದು ಎಂದು ಬರೆಸಲು ಜಾಗವಿರಲಿಲ್ಲವೇ? ಎಂಬತ್ತಕ್ಕೆ ಅಷ್ಟು ಜಾಗವಿತ್ತಲ್ಲ!

ಭವನದೊಳಗೆ ಸ್ವರ್ಗ. ಸೊಸೆಯಂದಿರಿಲ್ಲ, ಕೆಲಸವಿಲ್ಲ, ಹೊತ್ತೊತ್ತಿಗೆ ಮುದ್ದೆ ಸಾರು ಬಾಗಿಲಿಗೆ ಬರುತ್ತದೆ. ನೆಲದ ಮೇಲೆ ಸುಣ್ಣದ ಗೆರೆ ಎಳೆದು ಚೌಕಾಬಾರ, ಮೋಸದಾಟ, ಜಗಳ. ಎಲ್ಲರ ನಡುವೆ ಒಂದೇ ಎಲೆ ಅಡಿಕೆ ಚೀಲ, ಕೈಯಿಂದ ಕೈಗೆ, ಬಾಯಿಂದ ಬಾಯಿಗೆ. ಹಟ್ಟಿಯವರು ಮರೆತ ಸಂಗತಿ ಇಷ್ಟೇ: ರೊಪ್ಪದ ಕುರಿಗಳು ಎಲೆ ಅಡಿಕೆ ಚೀಲ ಹಂಚಿಕೊಳ್ಳುವುದಿಲ್ಲ. ಊಟ ತರುತ್ತಿದ್ದ ಯಾರ ಮೂಲಕವೋ ರೋಗ ಒಳಗೆ ಬಂತು. ಬಂದ ರೋಗಕ್ಕೆ ಒಬ್ಬೊಬ್ಬರನ್ನೇ ಹುಡುಕುವ ಕಷ್ಟವೇ ಇರಲಿಲ್ಲ. ಊರಿನ ದುರ್ಬಲರನ್ನೆಲ್ಲ ಒಂದೇ ತಟ್ಟೆಯಲ್ಲಿ ಬಡಿಸಿಟ್ಟಿದ್ದೆವು. ಬಾಗಿಲಲ್ಲಿದ್ದ ‘ಐವತ್ತೆಂಟರ’ ತರುಣನೂ ಮಲಗಿದ.

ಜ್ವರ ಏರಿದಾಗ ಆಗಬೇಕಿದ್ದದ್ದು ಆಗಲಿಲ್ಲ. ಯಾರೂ ಗಾಡಿ ಹುಡುಕಲಿಲ್ಲ. ಗಾಡಿ ಇತ್ತು. ಜಂಪಣ್ಣನ ಮಾತು ಇದು:

“ನೂರಕ್ಕೆ ಎಂಬತ್ತು ಅಂದ್ಮ್ಯಾಲೆ ಡಾಕ್ಟ್ರು ತಾನೆ ಏನ್ ಮಾಡ್ಯಾರು? ದಾರ್ಯಾಗೆ ಹೋಗಿಬಿಟ್ರೆ ಹೆಣ ಕೂಡ ಕೊಡಾದಿಲ್ಲ. ಇಲ್ಲೇ ಇರ್ಲಿ ಬಿಡ್ರಿ, ನಮ್ಮ ಕಣ್ಮುಂದೆ.”

ಅವನು ಕ್ರೂರಿಯಲ್ಲ. ಅವನ ತಾಯಿ ಪುಟ್ಟಕ್ಕನೂ ಅದೇ ಭವನದೊಳಗಿದ್ದಳು. ಕಿಟಕಿಯಾಚೆ ಗಂಡಸರು ಯಾರಿಗೆ ಎಲ್ಲಿ ಗುಂಡಿ ತೆಗೆಯುವುದೆಂದು ಚರ್ಚಿಸುತ್ತಿದ್ದಾಗ ಈರಕ್ಕ ಒಳಗಿಂದ ಕೂಗಿದಳಂತೆ, “ಲೇ, ಗುಂಡಿ ಆಮ್ಯಾಲೆ ತೋಡೀರಂತೆ. ಮೊದ್ಲು ಒಂದು ಲೋಟ ಬಿಸಿನೀರು ತರ್ರಿ!” ಬಿಸಿನೀರು ಬಂತು. ಈರಕ್ಕ ಎದ್ದಳು. ನಮ್ಮಪ್ಪ ಎದ್ದ. ಒಬ್ಬೊಬ್ಬರಾಗಿ ಎಲ್ಲರೂ ಎದ್ದರು.

ಪುಟ್ಟಕ್ಕ ಏಳಲಿಲ್ಲ. ಉಸಿರಿಗೆ ಒದ್ದಾಡಿ ಒದ್ದಾಡಿ ಹೋದಳು. ಇಲ್ಲಿ ನನಗೆ ವ್ಯಂಗ್ಯ ಸಾಲದು. ದುರ್ಗಕ್ಕೆ ಒಯ್ದು ಆಮ್ಲಜನಕ ಹಚ್ಚಿದ್ದರೆ ಉಳಿಯುತ್ತಿದ್ದಳೋ ಇಲ್ಲವೋ ನನಗೆ ಗೊತ್ತಿಲ್ಲ. ಜಂಪಣ್ಣನಿಗೂ ಗೊತ್ತಿಲ್ಲ. ಗೊತ್ತಿಲ್ಲದಿರುವುದೇ ಅವನನ್ನು ಈಗಲೂ ತಿನ್ನುತ್ತಿದೆ. ಎಂಬತ್ತು ಹೋಗುವುದು ಖಚಿತವೆಂದು ನೀವು ಹೇಳಿದಿರೆಂದು ನಂಬಿ ಅವನು ತಾಯಿಯನ್ನು ಹಟ್ಟಿಯಲ್ಲೇ ಉಳಿಸಿಕೊಂಡ. ವಯಸ್ಸಾದವರಿಗೆ ಅಪಾಯ ಹೆಚ್ಚು, ಆದ್ದರಿಂದಲೇ ಬೇಗ ಕರೆತನ್ನಿ ಎಂದು ಇನ್ನೊಂದೇ ಸಾಲು ಬರೆಸಿದ್ದರೆ ನಿಮ್ಮ ಬಣ್ಣದ ಡಬ್ಬಿ ಬರಿದಾಗುತ್ತಿತ್ತೇ?

ಇಷ್ಟಾದ ಮೇಲೆ ಹಟ್ಟಿಗೆ ಬುದ್ಧಿ ಬರಬೇಕಿತ್ತಲ್ಲ. ಭವನ ಹೊಕ್ಕವರಲ್ಲಿ ಒಬ್ಬಳನ್ನು ಬಿಟ್ಟು ಎಲ್ಲರೂ ಹೊರಬಂದರು, ಹಾಗಾದರೆ ಫಲಕವನ್ನು ನಾವು ಓದಿದ್ದು ತಪ್ಪು ಎಂದು ಅನ್ನಿಸಬೇಕಿತ್ತಲ್ಲ. ಸರ್ಕಾರದ ಹಲಗೆ ಸುಳ್ಳಾಗುವುದುಂಟೇ? ಹಟ್ಟಿ ಬೇರೆ ಅರ್ಥ ಮಾಡಿಕೊಂಡಿತು: ಎಂಬತ್ತು ಎಲ್ಲೋ ಬೇರೆ ಊರುಗಳಲ್ಲಿ ಹೋಗಿರಬೇಕು, ನಮ್ಮವರು ಇಪ್ಪತ್ತರ ಪೈಕಿ! ಅಂದಿನಿಂದ ಈರಕ್ಕ ‘ಇಪ್ಪತ್ತರೋಳು’. ಲಸಿಕೆಯ ಎರಡನೇ ಸೂಜಿಗೆ ಕರೆಯಲು ಬಂದವರನ್ನು ಕೇಳಿದಳು, “ಪಾಸಾದೋರಿಗೆ ಮತ್ತ್ಯಾಕ್ರಿ ಪರೀಕ್ಷೆ?” ಅವರು ಬಂದ ದಾರಿಯಲ್ಲೇ ವಾಪಸ್ಸು ಹೋದರು.

ಈ ವರ್ಷ ಸೋಂಕಿನ ಸುದ್ದಿ ಮತ್ತೆ ಬಂದಿದ್ದೇ ತಡ, ನೀವು ಗೋದಾಮಿನಿಂದ ಅದೇ ಫಲಕ ತೆಗೆಸಿ, ಧೂಳು ಒರೆಸಿ ನಿಲ್ಲಿಸಿದಿರಿ. ಈರಕ್ಕ ಅದರ ಮುಂದೆ ನಿಂತು, ಶಾಲೆಯಲ್ಲಿ ರ‍್ಯಾಂಕು ಬಂದವರು ತಮ್ಮ ಫೋಟೊ ನೋಡುವ ಹಾಗೆ ನೋಡಿ ಬಂದಳು. ಹೋದ ವಾರ ಕೆಮ್ಮು ಶುರುವಾಯಿತು. ಈಗ ಜ್ವರ. ಸಕ್ಕರೆ ಕಾಯಿಲೆ ಮೊದಲೇ ಇದೆ. ಜಗಲಿಯ ಮೇಲೆ ನಮ್ಮಿಬ್ಬರಿಗೂ ನಡೆದ ಮಾತು ನಿಮ್ಮ ಅವಗಾಹನೆಗೆ:

“ಅತ್ತೆ, ಆಸ್ಪತ್ರೆಗೆ ಹೋಗಾಣ ನಡಿ. ಪರೀಕ್ಷೆ ಮಾಡ್ಸಾಣ.”

“ನನಗೇನಾಕ್ಕತಿ? ನಾನು ಇಪ್ಪತ್ತರಾಗೆ ಇದೀನಿ.”

“ಇಪ್ಪತ್ತು ಅನ್ನಾದು ಬಸ್ಸಿನಾಗೆ ಟವಲ್ ಹಾಕಿದ ಸೀಟಲ್ಲ ಅತ್ತೆ. ಪ್ರತಿ ಸಲ ಹೊಸ ಲೆಕ್ಕ. ವಯಸ್ಸಾಗೈತೆ, ಸಕ್ಕರೆ ಐತೆ.”

“ಹಂಗಂತ ಬೋರ್ಡ್‌ನಾಗೆ ಎಲ್ಲೈತೋ?”

ನಾನು ಮಾತಿಗೆ ಕರಡಿಯನ್ನು ಎಳೆದು ತಂದೆ. ಜೋಗಿಮಟ್ಟಿ ಕಾಡಲ್ಲಿ ಕರಡಿ ಕೈಗೆ ಸಿಕ್ಕವರಲ್ಲಿ ನೂರಕ್ಕೆ ಎಂಬತ್ತು ಮಂದಿ ಕುರಿ ಕಾಯುವವರು ಅಂದುಕೋ ಅತ್ತೆ ಎಂದೆ. ಹಾಗಂತ ಕುರಿ ಕಾಯುವ ನೂರು ಜನರಲ್ಲಿ ಎಂಬತ್ತು ಜನರನ್ನು ಕರಡಿ ಹಿಡಿಯುತ್ತದೆಯೇ? ಹಿಡಿದಿದ್ದರೆ ಈ ಸೀಮೆಯಲ್ಲಿ ಕಂಬಳಿ ಹೊದ್ದವರು ಒಬ್ಬರಾದರೂ ಉಳಿಯುತ್ತಿದ್ದರೇ? ಕಾಡಿಗೆ ಹೋದವರಲ್ಲಿ ಬಹಳಷ್ಟು ಜನ ಕರಡಿಯನ್ನು ನೋಡದೆಯೇ ಮನೆಗೆ ಬರುತ್ತಾರೆ. ಹಾಗೇ ಈ ಸೋಂಕು ತಗುಲಿದ ಮುದುಕರಲ್ಲೂ ಬಹುಪಾಲು ಜನ ಗುಣವಾದರು. ಆದರೆ ಒಮ್ಮೆ ತಪ್ಪಿಸಿಕೊಂಡವನನ್ನು ಕರಡಿ ಗುರುತಿಟ್ಟುಕೊಂಡು ಬಿಟ್ಟುಬಿಡುವುದಿಲ್ಲ. ಮತ್ತೆ ಕಾಡು ಹೊಕ್ಕರೆ ಮತ್ತೆ ಹುಷಾರಾಗಿರಬೇಕು.

ಈರಕ್ಕ ಪೂರ್ತಿ ಕೇಳಿದಳು. ಕೆಮ್ಮಿದಳು. ಆಮೇಲೆ ನಮ್ಮಪ್ಪನ ಕಡೆ ತಿರುಗಿ, “ಅಣ್ಣ, ನಿನ್ನ ಮಗ ಚೆನ್ನಾಗಿ ಮಾತಾಡ್ತಾನೆ. ಸರ್ಕಾರಕ್ಕಿಂತ ದೊಡ್ಡೋನೇನಪ್ಪ ಇವ್ನು?” ಎಂದಳು.

“ದೊಡ್ಡೋನು ಅಲ್ಲ,” ಎಂದ ನಮ್ಮಪ್ಪ. “ಎಲೆಕ್ಷನ್‌ಗೆ ನಿಂತು ಡಿಪಾಜಿಟ್ ಕಳ್ಕಂಡೋನು.”

“ಹಂಗಾರೆ ಬೋರ್ಡ್ ಬರ್ಸಿದೋರೇ ಬಂದು ಹೇಳ್ಲಿ. ಅವ್ರು ತಪ್ಪಾಗೈತೆ ಅಂದ್ರೆ ಈಗ್ಲೇ ಹೊಂಟೆ.”

ಇದೇ ಅವಳ ಪಟ್ಟು. ಜಂಪಣ್ಣ ಬಂದು ಕೈಮುಗಿದ, ಅವ್ವನ ಹೆಸರು ಹೇಳಿ ಅತ್ತ. ಈರಕ್ಕ ಅವನನ್ನು ಸಮಾಧಾನ ಮಾಡಿ ಕಳಿಸಿದಳು, ತಾನು ಮಾತ್ರ ಜಗಲಿ ಬಿಟ್ಟು ಏಳಲಿಲ್ಲ.

ನಾನು ನಿಮ್ಮ ಕಚೇರಿಗೂ ಬಂದಿದ್ದೆ. ನೀವು ಸಭೆಯಲ್ಲಿದ್ದಿರಿ. ನಿಮ್ಮ ಪರವಾಗಿ ಒಬ್ಬರು ಕನ್ನಡಕ ಏರಿಸಿ, “ಅಂಕಿ ಸರಿ ಇದೆಯಲ್ಲ ಸಾರ್, ಪರಿಶೀಲಿಸಿಯೇ ಹಾಕಿದ್ದೇವೆ” ಎಂದರು. ಅಂಕಿ ಸರಿಯಿದೆ, ಒಪ್ಪಿದೆ. ಸರಿಯಾದ ಅಂಕಿಯಿಂದಲೇ ಒಂದು ಹಟ್ಟಿಯನ್ನು ದಾರಿ ತಪ್ಪಿಸಿದ್ದೀರಿ ಎಂಬುದೇ ನನ್ನ ದೂರು. ತಪ್ಪು ಅಂಕಿ ಹಾಕಿದ್ದರೆ ತಿದ್ದುಪಡಿ ಹೊರಡಿಸುತ್ತಿದ್ದಿರಿ. ಸರಿಯಾದದ್ದಕ್ಕೆ ತಿದ್ದುಪಡಿ ಎಲ್ಲಿಯದು? ಯಾವ ನೂರು ಎಂದು ಹೇಳದ ಅಂಕಿ, ತಲೆಯಿಲ್ಲದ ಕುರಿಯ ಹಾಗೆ. ತೂಕಕ್ಕೆ ಬರುತ್ತದೆ, ಮೇಯುವುದಕ್ಕೆ ಬರುವುದಿಲ್ಲ.

ಆದ್ದರಿಂದ ನನ್ನ ಒತ್ತಾಯ ಇದು. ಆ ಹಲಗೆಯನ್ನು ಇಳಿಸಿ. ಹೊಸದನ್ನು ಬರೆಸುವುದಾದರೆ ನೂರು ಮುದುಕರ ಮುಖ ಬಿಡಿಸಿ. ಈ ನೂರು ಜನಕ್ಕೂ ಸೋಂಕು ತಗುಲಿದರೆ ಇಷ್ಟು ಜನ ಮನೆಯಲ್ಲೇ ಗುಣವಾಗುತ್ತಾರೆ, ಇಷ್ಟು ಜನಕ್ಕೆ ಆಸ್ಪತ್ರೆ ಬೇಕು, ಇಷ್ಟು ಜನರನ್ನು ಕಳೆದುಕೊಳ್ಳುತ್ತೇವೆ, ಲಸಿಕೆ ಹಾಕಿಸಿಕೊಂಡ ನೂರು ಜನರಲ್ಲಾದರೆ ಅದಕ್ಕಿಂತ ಕಡಿಮೆ ಎಂದು ಬೇರೆ ಬೇರೆ ಬಣ್ಣ ಬಳಿಸಿ. ಅಂಕಿಗಳನ್ನು ಬಲ್ಲವರಿಂದ ಕೇಳಿ ಹಾಕಿಸಿ, ನನ್ನಂಥವನಿಂದಲ್ಲ. ಉಸಿರು ಕಟ್ಟಿದರೆ ಕಾಯಬೇಡಿ ಎಂಬುದನ್ನು ಗಾಡಿ ಚಕ್ರದ ಗಾತ್ರದಲ್ಲಿ ಬರೆಸಿ. ಮುದುಕರನ್ನೆಲ್ಲ ಒಂದೇ ಕಡೆ ಕೂಡಬೇಡಿ ಎಂದೂ ಬರೆಸಿ.

ಬಣ್ಣ ಒಣಗಲು ಹೊತ್ತು ಹಿಡಿಯುತ್ತದೆ, ಈರಕ್ಕನ ಎದೆ ಅಷ್ಟು ಹೊತ್ತು ಕಾಯಲಾರದು. ಹಾಗಾಗಿ ಮೊದಲು ನೀವೇ ಬನ್ನಿ. ನಾಳೆಯೇ ಬನ್ನಿ. ಸರ್ಕಾರಿ ಜೀಪಿನಲ್ಲೇ ಬನ್ನಿ, ನನ್ನ ಗೆಳೆಯನ ಆಟೋವನ್ನು ಅವಳು ನಂಬುವುದಿಲ್ಲ. ಕೊರಳಿಗೆ ಗುರುತಿನ ಚೀಟಿ ಹಾಕಿಕೊಳ್ಳಿ, ಇಲ್ಲವಾದರೆ ನನ್ನ ಹೋರಾಟದ ಸಂಘಟನೆಯವರೆಂದು ತಿಳಿದು ಅಟ್ಟಿಬಿಟ್ಟಾಳು. ಜಗಲಿಯ ಮುಂದೆ ನಿಂತು, “ಅಮ್ಮ, ನಾವು ಬರೆಸಿದ್ದು ಜನಕ್ಕೆ ತಪ್ಪಾಗಿ ತಿಳಿಯಿತು, ನಡೀರಿ ಆಸ್ಪತ್ರೆಗೆ” ಎಂದು ಒಂದೇ ಒಂದು ಮಾತು ಹೇಳಿ. ಕಚೇರಿ ಹುಟ್ಟಿದಾಗಿನಿಂದ ಆ ಮಾತು ನಿಮ್ಮ ಬಾಯಿಂದ ಬಂದಿಲ್ಲವೆಂದು ಬಲ್ಲೆ. ಅಭ್ಯಾಸ ಬೇಕಿದ್ದರೆ ಜೀಪಿನಲ್ಲಿ ದಾರಿಯುದ್ದಕ್ಕೂ ಹೇಳಿಕೊಂಡು ಬನ್ನಿ. ಅವಳು ಹೊಸ ಸೀರೆ ಉಟ್ಟು, ಗಂಟು ಕಟ್ಟಿಟ್ಟುಕೊಂಡು, ರಸ್ತೆಯಲ್ಲಿ ಜೀಪಿನ ಸದ್ದಾದಾಗಲೆಲ್ಲ ಕತ್ತೆತ್ತಿ ನೋಡುತ್ತಿದ್ದಾಳೆ.

ಇಂತಿ,
ಮೀಸೆ ಬಂದಾಗಿನಿಂದ ನಿಮ್ಮ ಕಚೇರಿಗಳ ಮುಂದೆ ಧಿಕ್ಕಾರ ಕೂಗಿ, ಈಗ ಸರ್ಕಾರ ಒಮ್ಮೆ ಮನೆಗೆ ಬರಲೆಂದು ಅತ್ತೆಯ ಪಕ್ಕ ಕುಂತು ಹಾದಿ ಕಾಯುತ್ತಿರುವ
ಬೀರೇಶ್
ತಾಳ್ಯದ ಹತ್ತಿರದ ಹಟ್ಟಿ, ಹೊಳಲ್ಕೆರೆ ತಾಲ್ಲೂಕು