ಬಾಳೆಹಣ್ಣಿನ ವಾಸನೆಯ ಬಿಯರು

ಮಂಗಳವಾರ, ಹನ್ನೊಂದನೇ ತಾರೀಖು

ಇವತ್ತಿನವರೆಗೂ ನನ್ನ ಗಂಡನೇ ಆಗಿರುವವರಿಗೆ,

ನೀವು ಕಳಿಸಿದ ಪೆಟ್ಟಿಗೆ ಬಂತು. ಒಳಗೆ ನೀವೇ ಮಾಡಿದ ಆರು ಬಾಟಲಿ ಬಿಯರು, ಅದರ ಕೆಳಗೆ ಬೇರೆಯಾಗುವ ಕಾಗದ. ಎರಡನ್ನೂ ಒಂದೇ ಪೆಟ್ಟಿಗೆಯಲ್ಲಿ ಇಡುವ ಬುದ್ಧಿ ನಿಮಗೆ ಯಾರು ಕೊಟ್ಟರು? ಕಾಗದ ಕೇಳಿದ್ದು ನಾನೇ, ಇಲ್ಲ ಅನ್ನುವುದಿಲ್ಲ. ಆದರೆ ಕೇಳಿದ ನಾಲ್ಕು ತಿಂಗಳಿಗೇ ಕಳಿಸಿಬಿಡುವುದಾ? ಗ್ಯಾಸ್ ಸ್ಟೌವ್ ರಿಪೇರಿ ಮಾಡಿಸಿ ಅಂತ ನಾನು ಎರಡು ವರ್ಷ ಹೇಳಿದ್ದೆ.

ಸಹಿ ವಿಷಯ ಆಮೇಲೆ. ಮೊದಲು ಬಿಯರಿನ ವಿಷಯ ಇತ್ಯರ್ಥವಾಗಲಿ.

ಮೊದಲ ಬಾಟಲಿಯ ಮುಚ್ಚಳ ತೆಗೆದ ಕೂಡಲೇ ಮೂಗಿಗೆ ಬಡಿದದ್ದು ಮಾಗಿದ ಬಾಳೆಹಣ್ಣಿನ ವಾಸನೆ. ನಾನು ಅಲ್ಲೇ ಕುರ್ಚಿ ಎಳೆದುಕೊಂಡು ಕೂತೆ. ಇದನ್ನು ಹುಳಿಸಿದ್ದು ನಮ್ಮ ಯೀಸ್ಟ್ ಅಲ್ಲ. ನಾವು ಮನೆಯಲ್ಲೇ ಬಿಯರು ಮಾಡಿದ ಎಂಟು ವರ್ಷ ಆ ಯೀಸ್ಟನ್ನು ಸಾಕಿದವಳು ನಾನು. ಬಾರ್ಲಿಯ ಮಾಲ್ಟ್ ಕುದಿಸುವುದು, ಆರಿಸುವುದು, ಡ್ರಮ್ಮಿಗೆ ಸುರಿಯುವುದು ನಿಮ್ಮ ಕೆಲಸ. ಪ್ರತಿ ಸಲ ಡ್ರಮ್ಮಿನ ತಳದಲ್ಲಿ ಉಳಿದ ಕೆನೆಯಂಥ ಯೀಸ್ಟನ್ನು ಬಳಿದು, ಆರಿದ ನೀರಿನಲ್ಲಿ ತೊಳೆದು, ಜಾಡಿಗೆ ತುಂಬಿ ಫ್ರಿಜ್ಜಿನಲ್ಲಿ ಕಾಪಾಡಿ ಮುಂದಿನ ಸಲಕ್ಕೆ ಎತ್ತಿಕೊಡುವುದು ನನ್ನದು. ಅದರ ಬಿಯರಿಗೆ ಯಾವ ಹಣ್ಣಿನ ವಾಸನೆಯೂ ಇರುತ್ತಿರಲಿಲ್ಲ. ಒಣಕಲು ಕಹಿ, ನಿಮ್ಮ ಹಾಗೇ.

ನೆನಪಿದೆಯಾ, ಒಂದೇ ಒಂದು ಸಲ ಹಣ್ಣಿನ ವಾಸನೆ ಬರುವ, ಏಲ್ ಅನ್ನುವ ಬಿಯರಿನ ಯೀಸ್ಟ್ ತನ್ನಿ ಅಂತ ನಾನು ಎಷ್ಟು ಗೋಗರೆದೆ! ನೀವು ಕನ್ನಡಕದ ಮೇಲಿಂದ ನೋಡಿ, "ಬಿಯರು ಬಿಯರಿನ ಹಾಗಿರ್ಬೇಕು ಕಣೇ, ಹಣ್ಣು ತಿನ್ನೋ ಆಸೆ ಇದ್ರೆ ಹಣ್ಣು ತಿನ್ನು" ಅಂದಿರಿ. ಪ್ರತಿ ವರ್ಷವೂ ಅದೇ ಉತ್ತರ. ಈಗ ಯಾರ ಮಾತಿಗೆ ಕರಗಿದಿರಿ?

ನಾನು ಡ್ರೈಕ್ಲೀನಿಂಗ್ ಅಂಗಡಿಯಲ್ಲಿ ಕೆಲಸ ಮಾಡುವವಳು ಎನ್ನುವುದನ್ನು ಮರೆಯಬೇಡಿ. ದಿನಕ್ಕೆ ಅರವತ್ತು ಕೋಟುಗಳ ಜೇಬು ತಡಕುತ್ತೇನೆ. ಕಾಲರಿನ ಕಲೆ ನೋಡಿಯೇ ಯಾರ ಮನೆಯಲ್ಲಿ ಏನು ನಡೆಯುತ್ತಿದೆ ಅಂತ ಹೇಳಬಲ್ಲೆ. ನನ್ನ ಕಣ್ಣಿಗೆ ಮಣ್ಣೆರಚುವುದು ಅಷ್ಟು ಸುಲಭವಲ್ಲ.

ಅನುಮಾನ ಪರಿಹಾರಕ್ಕೆ ಎರಡನೇ ಬಾಟಲಿ ತೆಗೆದೆ. ನಾನೀಗ ಇರುವ ಈ ಮಹಡಿ ಕೋಣೆಗೆ ಅಕ್ಕ ಮೆಟ್ಟಿಲು ಹತ್ತಿ ಬಂದು, "ಇದು ತನಿಖೆನಾ, ಕುಡಿತನಾ?" ಅಂದಳು. ತನಿಖೆಯೇ. ಎರಡನೆಯದರಲ್ಲೂ ಅದೇ ವಾಸನೆ, ಅದೇ ಹದ, ಬೇರೆ ವಾಸನೆಯ ಒಂದು ಎಳೆಯೂ ಇಲ್ಲ. ಅಂದರೆ ನೊರೆ ಎದ್ದ ಅಷ್ಟೂ ದಿನ ಡ್ರಮ್ಮು ಒಂದೇ ಶಾಖದಲ್ಲಿ ಇತ್ತು. ಇಂಥ ಯೀಸ್ಟಿಗೆ ಶಾಖ ಸ್ವಲ್ಪ ಏರಿದರೂ ಬಾಳೆಹಣ್ಣಿನ ವಾಸನೆ ಹೋಗಿ ನೈಲ್ ಪಾಲಿಶಿನ ವಾಸನೆ ಬರುತ್ತದೆ. ಈ ಬಿಸಿಲುಗಾಲದಲ್ಲಿ ಅಷ್ಟು ಹದವಾಗಿ ಇಡಬೇಕಾದರೆ ಹಗಲೆಲ್ಲ ಯಾರಾದರೂ ಮನೆಯಲ್ಲಿರಬೇಕು. ನೀವೋ, ಬೆಳಿಗ್ಗೆ ಎಂಟಕ್ಕೆ ಕನ್ನಡಕದ ಅಂಗಡಿಗೆ ಹೋದರೆ ಬರುವುದು ಸಂಜೆ ಏಳಕ್ಕೆ. ಹಾಗಾದರೆ ಮನೆಯಲ್ಲಿ ಇರುವವರು ಯಾರು?

ಮೇಲಾಗಿ ಪೆಟ್ಟಿಗೆಯಲ್ಲಿದ್ದ ನಿಮ್ಮ ಚೀಟಿ. "ರುಚಿ ನೋಡಿದವರು ಚೆನ್ನಾಗಿದೆ ಅಂದರು" ಅಂತ ಬರೆದಿದ್ದೀರಿ. ಯಾರು ನೋಡಿದವರು? ಹೆಸರಿಲ್ಲ, ಊರಿಲ್ಲ. ಅದನ್ನು ಓದಿದ ದಿನ ನಾನು ಒಬ್ಬರ ಬಿಳಿ ಅಂಗಿಯ ಮೇಲೆ ಇಸ್ತ್ರಿಪೆಟ್ಟಿಗೆ ಮರೆತೆ. ಮಾಲೀಕರ ಕೈಲಿ ಬೈಸಿಕೊಂಡೆ. ಅದೂ ನಿಮ್ಮ ಲೆಕ್ಕಕ್ಕೇ.

ಇಸ್ತ್ರಿ ಅಂದ ಕೂಡಲೇ ಇನ್ನೊಂದು ಮಾತು. ನಾನಿನ್ನೂ ಅಲ್ಲೇ ಇದ್ದಾಗ, ಒಂದು ದಿನ ಅಂಗಡಿಯಲ್ಲಿ ಹಬೆ ತಾಗಿ ಮಣಿಕಟ್ಟು ಬೆಂದು, ಬ್ಯಾಂಡೇಜು ಸುತ್ತಿಕೊಂಡು ಮನೆಗೆ ಬಂದೆ. ನೀವು ಬಾತ್‌ರೂಮಿನಲ್ಲಿ ಡ್ರಮ್ಮಿನ ಮುಂದೆ ಥರ್ಮಾಮೀಟರ್ ಹಿಡಿದು ಕುಕ್ಕರುಗಾಲಿನಲ್ಲಿ ಕೂತಿದ್ದಿರಿ. ತಲೆ ಎತ್ತದೆ, "ಬಾಗಿಲು ಹಾಕೇ, ಬಿಸಿಗಾಳಿ ಬರುತ್ತೆ" ಅಂದಿರಿ. ನಾನು ಬಾಗಿಲು ಹಾಕಿದೆ. ಮುಂದಿನ ವಾರ ಮನೆ ಬಿಟ್ಟೆ. ಯಾಕೆ ಹೋದೆ ಅಂತ ನೀವು ಎಲ್ಲರ ಹತ್ತಿರವೂ ಕೇಳಿದಿರಂತೆ, ನನ್ನೊಬ್ಬಳನ್ನು ಬಿಟ್ಟು.

ಇರಲಿ. ಶನಿವಾರ ಅರ್ಧ ದಿನ ರಜೆ ಹಾಕಿ ಯೀಸ್ಟ್ ಮಾರುವ ಅಂಗಡಿಗೇ ಹೋದೆ. ಗಲ್ಲಾದ ಹಿಂದೆ ಜುಟ್ಟು ಕಟ್ಟಿದ, ನಗುಮುಖದ, ಮೂವತ್ತೂ ದಾಟದ ಹುಡುಗಿ. ಆಹಾ, ಸಿಕ್ಕಿಬಿದ್ದಳು ಅಂದುಕೊಂಡೆ. ನಾನು ಯಾರು ಅಂತ ಹೇಳಲಿಲ್ಲ. ಬಾಳೆಹಣ್ಣಿನ ವಾಸನೆ ಬರುವ ಏಲ್ ಯೀಸ್ಟ್ ಬೇಕು, ನಮ್ಮ ಪರಿಚಯದ ಕನ್ನಡಕದ ಅಂಗಡಿಯವರು ಒಯ್ದಿದ್ದಾರಲ್ಲ, ಅಂಥದ್ದು ಅಂದೆ.

"ಓ, ಅವರಾ! ಪಾಪ ರೀ" ಅಂದಳು. "ಒಂದು ಜಾಡಿ ತಗೊಂಡು ಬಂದಿದ್ರು. ಡ್ರಮ್ಮಿಗೆ ಹಾಕಿ ಮೂರು ದಿನ ಕಾದ್ರಂತೆ, ಒಂದು ಗುಳ್ಳೇನೂ ಬರ್ಲಿಲ್ವಂತೆ. ಉಳಿದಿದ್ರಲ್ಲಿ ಏನಾದ್ರೂ ಜೀವ ಇದೆಯಾ ನೋಡಮ್ಮ ಅಂದ್ರು. ಮೈಕ್ರೋಸ್ಕೋಪಲ್ಲಿ ನೋಡಿದೆ, ಎಲ್ಲಾ ಸತ್ತಿತ್ತು. ಹೇಗಾಯ್ತು ಸಾರ್ ಅಂದ್ರೆ, 'ನಂದೇ ತಪ್ಪು, ಫ್ರಿಜ್ಜಿನ ಬಾಗಿಲು ಸರಿಯಾಗಿ ಹಾಕಿರ್ಲಿಲ್ಲ' ಅಂದ್ರು. ಆ ಜಾಡಿ ಹಿಡ್ಕೊಂಡು ಎಷ್ಟು ಹೊತ್ತು ನಿಂತಿದ್ರು ಗೊತ್ತಾ!"

ಅದೇ ಯೀಸ್ಟ್ ಮತ್ತೆ ಕೊಡಬಹುದಿತ್ತಲ್ಲ ಅಂದೆ.

"ಕೊಡ್ತೀನಿ ಅಂದೆ. ಬೇಡ ಅಂದ್ರು. ಮನೆಯವರಿಗೆ ಹಣ್ಣಿನ ವಾಸನೆ ಇಷ್ಟ, ಅಂಥದ್ದು ಕೊಡು ಅಂದ್ರು. ಐದು ಥರದ್ದು ತೋರಿಸಿದೆ, ಒಂದೊಂದರದ್ದೂ ಬಿಯರು ಮೂಸಿ ನೋಡಿ ಆರಿಸ್ಕೊಂಡ್ರು. ಡ್ರಮ್ಮಿಗೆ ಒದ್ದೆ ಟವೆಲ್ ಸುತ್ತಿ, ಒಣಗದ ಹಾಗೆ ನೋಡ್ಕೊಳ್ಳಿ ಅಂತ ನಾನೇ ಹೇಳಿದ್ದು. ದಿನಾ ಮಧ್ಯಾಹ್ನ ಊಟದ ಹೊತ್ತಲ್ಲಿ ಮನೆಗೆ ಓಡಿ ಟವೆಲ್ ನೆನೆಸಿ ಬರ್ತಿದ್ರಂತೆ. ಮುಗಿದ್ಮೇಲೆ ನಂಗೂ ನಮ್ಮ ಯಜಮಾನ್ರಿಗೂ ಒಂದು ಬಾಟಲಿ ತಂದ್ಕೊಟ್ರು. ಚೆನ್ನಾಗಿತ್ತು ರೀ."

ರುಚಿ ನೋಡಿದವರು ಯಾರು ಅಂತ ಆಗ ಗೊತ್ತಾಯಿತು. ಮನೆಯಲ್ಲಿದ್ದವರು ಯಾರು ಅಂತಲೂ. ಬೇಡದ ಒಂದು ಪೊಟ್ಟಣ ಯೀಸ್ಟ್ ಕೊಂಡು ಹೊರಗೆ ಬಂದೆ. ಬಸ್ ಸ್ಟಾಪಿನಲ್ಲಿ ಎರಡು ಬಸ್ಸು ಬಿಟ್ಟೆ. ಕರವಸ್ತ್ರ ತರಲು ಮರೆತಿದ್ದಕ್ಕೆ ಸೆರಗಿನಿಂದಲೇ ಮುಖ ಒರೆಸಿಕೊಂಡೆ.

ಹಾಗಂತ ನನ್ನ ಅನುಮಾನವೆಲ್ಲ ತೀರಿತು ಅಂದುಕೊಳ್ಳಬೇಡಿ. ಬಿಟ್ಟುಹೋದ ಹೆಂಡತಿಯನ್ನು ಅಂಗಡಿಯಲ್ಲಿ ನಿಂತು "ಮನೆಯವರು" ಅನ್ನುವವರು ಅದೇ ಹೆಂಡತಿಗೆ ಬೇರೆಯಾಗುವ ಕಾಗದ ಯಾಕೆ ಕಳಿಸುತ್ತಾರೆ? ನಾನು ಕೇಳಿದೆ ಅಂತಲೇ? ನಾನು ಕೇಳಿದ್ದನ್ನು ನೀವು ಯಾವಾಗಿನಿಂದ ಮಾಡಲು ಶುರುಮಾಡಿದಿರಿ? ಆ ಫ್ರಿಜ್ಜಿನ ಬಾಗಿಲಿನ ಕಥೆಯನ್ನಂತೂ ನಾನು ನಂಬಿಲ್ಲ. ನೀವು ಒಂದು ಬಾಗಿಲನ್ನು ಹಾಕದೆ ಬಿಡುವವರೇ? ಯಾರನ್ನು ಕಾಪಾಡಲು ಆ ಸುಳ್ಳು ಹೇಳಿದಿರಿ? ನಿಮಗೆ ಏನು ಗೊತ್ತಿದೆ, ಎಷ್ಟು ಗೊತ್ತಿದೆ, ಯಾವಾಗಿನಿಂದ ಗೊತ್ತಿದೆ? ಒಂದು ಸಾಲು ಬರೆಯಿರಿ. ಸುತ್ತಿ ಬಳಸಿ ಬೇಡ.

ಬಾಟಲಿಗಳಲ್ಲಿ ಒಂದು ಉಳಿದಿದೆ. ಚೆನ್ನಾಗಿದೆ, ಹೇಳಿಬಿಡುತ್ತೇನೆ. ತುಂಬಾ ಚೆನ್ನಾಗಿದೆ.

ಇಂತಿ,
ಸಹಿ ಹಾಕಲು ಪೆನ್ನು ಹಿಡಿದು ಈ ಕಾಗದ ಬರೆದವಳು

ಮರೆತಿದ್ದು: ಮರೆತಿದ್ದಲ್ಲ, ಬರೆಯಲು ಧೈರ್ಯವಿರಲಿಲ್ಲ. ಫ್ರಿಜ್ಜಿನ ಬಾಗಿಲು ಸರಿಯಾಗಿಯೇ ಇತ್ತು. ಮನೆ ಬಿಟ್ಟ ದಿನ ಬೆಳಿಗ್ಗೆ, ನೀವು ಸ್ನಾನಕ್ಕೆ ಹೋಗಿದ್ದಾಗ, ಕುದಿಯುವ ನೀರು ತಂದು ಜಾಡಿಗೆ ಹುಯ್ದವಳು ನಾನು. ಮೇಲಿನ ನೀರು ಬಸಿದು, ಜಾಡಿ ಆರುವ ತನಕ ಸೆರಗಿನಲ್ಲಿ ಮುಚ್ಚಿಕೊಂಡು ಕೂತಿದ್ದು, ಯಾವಾಗಲೂ ಇಡುವ ಜಾಗದಲ್ಲೇ ಇಟ್ಟು ಬಂದೆ. ಎಂಟು ವರ್ಷ ಸಾಕಿದ್ದನ್ನು ಒಂದು ನಿಮಿಷದಲ್ಲಿ ಕೊಂದೆ. ನಿಮ್ಮ ಮೇಲಿನ ಸಿಟ್ಟಿಗೆ. ಎಲ್ಲಾ ಸತ್ತಿದೆ ಅಂತ ಆ ಹುಡುಗಿ ಹೇಳಿದ ಕೂಡಲೇ ನಿಮಗೆ ಗೊತ್ತಾಗಿರಬೇಕು, ಯೀಸ್ಟಿನ ವಿಷಯದಲ್ಲಿ ನಿಮಗೆ ಮೋಸಮಾಡಿದವರಿಲ್ಲ. ಗೊತ್ತಿರಲಿಲ್ಲವಾದರೆ, ಈಗ ಗೊತ್ತಾಯಿತು. ಇದನ್ನು ಓದಿದ ಮೇಲೂ ನಿಮಗೆ ನನ್ನ ಸಹಿ ಬೇಕು ಅನ್ನಿಸಿದರೆ ತಿಳಿಸಿ, ಒಂದು ಮಾತೂ ಆಡದೆ ಹಾಕಿ ಕಳಿಸುತ್ತೇನೆ. ಬೇಡವಾದರೆ, ಭಾನುವಾರ ನನಗೆ ರಜೆ.