ಲಾಳಿ ತಂಡದ ಮೊದಲ ಸಿಡಿ

ಇಳಕಲ್ಲ
೨೮ ನವೆಂಬರ್ ೨೦೦೬

ನನ್ನ ಮುದ್ದು ಅವ್ವಾ,

ಇಂಗ್ಲಿಷ್ ಸಾಲಿ ಕಲಿತವಳ ಕನ್ನಡ ಇದು, ಬಾದಾಮಿ ಊರ ತುಂಬ ತೋರಿಸಿಕೊಂಡು ನಗಬೇಡ. ನಾನು ಭಾಳ ಭಾಳ ಸುಖವಾಗಿದ್ದೇನೆ. ನಾನು ಮಾತಾಡುವಾಗ ಇವರು ಕಣ್ಣು ಕೀಳದೆ ನನ್ನ ಬಾಯನ್ನೇ ನೋಡುತ್ತಾರೆ. ಇಂಥ ಪ್ರೀತಿ ಸಿನಿಮಾದಲ್ಲೂ ಇಲ್ಲ ಅಂತ ಗೆಳತಿಯರಿಗೆಲ್ಲ ಫೋನು ಮಾಡಿ ಹೇಳಿದ್ದೆ.

ಈ ಮನೆಯ ಕೆಳಗೆ ಹಗಲೆಲ್ಲ ಪವರ್‌ಲೂಮ್ ಮಗ್ಗಗಳ ಸಪ್ಪಳ. ಹಾಗಾಗಿ ಎಲ್ಲರದೂ ಕೈಸನ್ನೆ, ತುಟಿಸನ್ನೆ. ಅತ್ತೆ ಅಂಗೈ ತಟ್ಟಿದರೆ ರೊಟ್ಟಿಗೆ ಬಾ, ಮೂಗು ಹಿಡಿದರೆ ಹಾಲು ಸೀದಿತು. ನನಗೆ ಇದೆಲ್ಲ ಆಟದ ಹಾಗೆ ಕಂಡಿತ್ತು.

ಬರೆಯಲು ಕೂತದ್ದು ಇವರ ಸಿಡಿ ಬಂದ ಸುದ್ದಿ. ಬ್ಯಾಂಡಿನ ಹೆಸರು ‘ಲಾಳಿ’, ಮಗ್ಗದಲ್ಲಿ ನೂಲು ಹೊತ್ತು ಓಡುತ್ತದಲ್ಲ, ಅದೇ. ಇವರದು ಗಿಟಾರು, ಕಾಲೇಜಿನ ಗೆಳೆಯ ಕನಕಪ್ಪನದು ಡ್ರಮ್ಸು. ಪ್ರೋಗ್ರೆಸಿವ್ ಗ್ರೂವ್ ಮೆಟಲ್ ಅನ್ನುವ ಅಬ್ಬರದ ಸಂಗೀತವಂತೆ. ಮಗ್ಗದ ಹೊಡೆತದ ಹಾಗೆ ಕುತ್ತಿಗೆ ಹಿಡಿದು ಅಲ್ಲಾಡಿಸುವ ತಾಳ. ಒಗ್ಗಿಕೊಂಡೆ ಅನ್ನುವಷ್ಟರಲ್ಲಿ ತಾಳವೇ ಬೇರೆ. ಹಿಂದೆ ಯಾವ ಕಂಪನಿಯೂ ಇಲ್ಲ, ತಾವೇ ರೆಕಾರ್ಡ್ ಮಾಡಿದರು. ಇವರು ಮಾಳಿಗೆಯ ಮೇಲೆ ಹೆಡ್‌ಫೋನು ಹಾಕಿಕೊಂಡು ಕಂಪ್ಯೂಟರಿನಲ್ಲಿ ಒಂದೊಂದು ದನಿಯನ್ನೂ ಹದ ಮಾಡಿದರು. ಈ ಸಂಗೀತ ಕೈಬಿಟ್ಟರೆ ತನ್ನಲ್ಲಿ ಏನೂ ಉಳಿಯುವುದಿಲ್ಲ ಅಂತ ಹೆಣ್ಣು ನೋಡಲು ಬಂದಾಗಲೇ ಹೇಳಿದ್ದರು, ನೆನಪಿದೆಯಾ?

ಬಿಡುಗಡೆ ಅಮಾವಾಸ್ಯೆಗೆ. ಅವತ್ತು ಮಗ್ಗಗಳಿಗೆ ರಜೆ, ಓಣಿಯೆಲ್ಲ ತಣ್ಣಗೆ. ಬಾಗಲಕೋಟೆಯಿಂದ ಗೆಳೆಯರು ಬಂದರು, ನಾನು ಎಲ್ಲರಿಗೂ ಕರದಂಟು ಕೊಟ್ಟೆ. ಸಿಡಿ ಹಚ್ಚಿದರು. ಅವ್ವಾ, ತಗಡಿನ ಮೇಲೆ ಮೊಳೆ ಎಳೆದಂಥ ಸದ್ದು. ಡ್ರಮ್ಸಿನ ಕಂಚಿನ ತಟ್ಟೆಗಳ ಸದ್ದೆಲ್ಲ ಕಿವಿಗೆ ಸೂಜಿ. ಒಬ್ಬೊಬ್ಬರೇ ಬೀಡಿ, ಚಹಾ ನೆವ ಹೇಳಿ ಹೊರಗೆ ಜಾರಿದರು. ಆ ಕೀರಲು ತೆಗಿ ಅಂತ ಕನಕಪ್ಪ ಬಂದು ಹೇಳಿದರೆ ಇವರು ಅವನ ಮುಖ ನೋಡಿ, “ಯಾವ ಕೀರಲು? ಎಲ್ಲೈತಿಲೇ?” ಅಂದರು. ತನ್ನನ್ನು ಹಂಗಿಸುತ್ತಿದ್ದಾರೆ ಅಂತ ಅವನು ತಿಳಿದ. ಆಗಲೇ ಡ್ರಮ್ಸು ಟೆಂಪೋಕ್ಕೆ ಏರಿಸಿಕೊಂಡು ಹುನಗುಂದಕ್ಕೆ ಹೊರಟುಹೋದ. ಇವರು ಬಾಗಿಲಲ್ಲೇ ನಿಂತಿದ್ದರು.

ನನಗೇನು ಹೊಳೆಯಿತೋ, ಅವರ ಬೆನ್ನ ಹಿಂದೆ ನಿಂತು, “ಶ್ರೀಶೈಲಾ” ಅಂತ ಕರೆದೆ. ಹೆಸರು ಹಿಡಿದು, ಜೋರಾಗಿ. ಅಂಗಳದಲ್ಲಿ ಉಳಿದವರೆಲ್ಲ ತಿರುಗಿದರು. ಎದುರಿಗೇ ಕೂತಿದ್ದ ಅತ್ತೆ ನನ್ನ ತುಟಿ ಓದಿ, ಗಂಡನ ಹೆಸರು ಒದರುತ್ತೀಯೇನು ಅಂತ ಬೈದರು. ಇವರೊಬ್ಬರೇ ತಿರುಗಲಿಲ್ಲ.

ಬಾಗಲಕೋಟೆಯ ಕಿವಿ ಡಾಕ್ಟರಿಗೆ ತೋರಿಸಿದೆವು. ಹುಟ್ಟಿದಾಗಿನಿಂದ ಮಗ್ಗ, ಆಮೇಲೆ ಡ್ರಮ್ಸು, ಹೆಡ್‌ಫೋನು. ನರವೇ ಸತ್ತಿದೆಯಂತೆ. ಕೀರಲು, ಚೂಪು ದನಿಗಳು ಇವರ ಕಿವಿಗೆ ಎಂದೋ ಹೋಗಿವೆ, ಕೇಳಲಿ ಅಂತ ಸಿಡಿಯಲ್ಲಿ ಅವನ್ನೇ ಏರಿಸಿ ಏರಿಸಿ ಇಟ್ಟಿದ್ದಾರೆ. ಹೋದದ್ದು ಬರುವುದಿಲ್ಲ. ಈ ಸಪ್ಪಳದಲ್ಲೇ ಇದ್ದರೆ ಉಳಿದದ್ದೂ ಹೋಗುತ್ತದೆ. ಮಾವನವರಿಗೆ ಬರೆದು ತೋರಿಸಿದೆ. ಓದಿ ನಕ್ಕುಬಿಟ್ಟರು. “ನಮ್ಮ ಮನ್ಯಾಗ ಎಲ್ಲಾರ ಕಿವಿನೂ ಹಿಂಗ ಅದಾವವಾ. ಇದೇನ ರೋಗನಾ?” ಅಂದು ಮಗ್ಗ ಚಾಲೂ ಮಾಡಲು ಎದ್ದುಹೋದರು.

ಅಪ್ಪನಿಗೆ ಸಿಡಿ ಛಲೋ ಆಯಿತು ಅಂತಷ್ಟೇ ಹೇಳು. ನೀನು ಅಳಬೇಡ.

ಇಳಕಲ್ಲದಲ್ಲೂ ನಿನ್ನವಳೇ ಆದ,
ಶಿವಗಂಗಾ

ತಾ.ಕ.: ಡಾಕ್ಟರು ತಲೆ ಬಗ್ಗಿಸಿ ಬರೆಯುತ್ತಲೇ ಹೇಳಿದ್ದರಿಂದ ಇವರಿಗೆ ಏನೂ ತಿಳಿಯಲಿಲ್ಲ. ಹೊರಗೆ ಬಂದು ಕೇಳಿದರು. ಕಿವಿಯಲ್ಲಿ ಕಸ ಕೂತಿದೆ, ಹನಿ ಹಾಕಿದರೆ ಹೋಗುತ್ತದೆ ಅಂದೆ. ನಿನ್ನೆಯಿಂದ ಎರಡನೇ ಸಿಡಿಯ ಹಾಡು ಶುರು ಮಾಡಿದ್ದಾರೆ. ಪಕ್ಕದಲ್ಲಿ ಕೂರಿಸಿಕೊಂಡು, ಈಗ ಹದ ಆಯಿತಾ ಅಂತ ಕೇಳಿದರು. ಆಯಿತು ಅಂದೆ.