ತಲೆಯ ಹಿಂದಿನ ಬೆಳಕು

೯ ಡಿಸೆಂಬರ್ ೧೯೭೧, ಗುರುವಾರ

ಇವತ್ತೂ ಪೊಲೀಸ್ ಸ್ಟೇಷನ್ನಿಗೆ ಹೋಗಿ ರುಜು ಹಾಕಿ ಬಂದೆ. ಮುನವ್ವರಾಳನ್ನು ಮದುವೆಯಾಗಿ ತುಮಕೂರಿಗೆ ಬಂದು ಹತ್ತೊಂಬತ್ತು ವರ್ಷ. ಈ ಊರಿನ ಎಷ್ಟೋ ಮನೆಗಳ ಗೋಡೆಗಳ ಮೇಲೆ ನಾನು ಫೋಟೋ ನೋಡಿ ಬರೆದ ಮುಖಗಳಿವೆ. ಪಾಕಿಸ್ತಾನದ ಜೊತೆ ಯುದ್ಧ ಶುರುವಾದ ಮೇಲೆ ನಾನು ಬರೀ ಕರಾಚಿಯಲ್ಲಿ ಹುಟ್ಟಿದವನು. ಊರು ದಾಟುವಂತಿಲ್ಲ.

ಸಂಜೆ ಗುಬ್ಬಿಯಿಂದ ರಾಧಮ್ಮ ಚಿತ್ರ ಒಯ್ಯಲು ಬಂದಿದ್ದರು. ಅವರ ಮಗ ಗಡಿಯಲ್ಲಿದ್ದಾನೆ, ಕಾಗದ ಬರದೆ ತಿಂಗಳಾಯಿತು. ಮುಖವನ್ನಾದರೂ ನೋಡುತ್ತಿರೋಣವೆಂದು ಅವನ ಸಣ್ಣ ಫೋಟೋ ಕೊಟ್ಟು ದೊಡ್ಡದಾಗಿ ಬರೆಯಲು ಹೇಳಿದ್ದರು. ನನ್ನ ಹತ್ತಿರ ಬರುವ ಫೋಟೋಗಳೆಲ್ಲ ತೀರಿಕೊಂಡವರವು. ತಲೆಯ ಹಿಂದೆ ಬಿಳಿ ಬೆಳಕು ಬರೆದೇ ಬ್ರಷ್ ಕೆಳಗಿಡುವುದು ನನ್ನ ರೂಢಿ. ಕೈ ಈ ಹುಡುಗನಿಗೂ ಅದನ್ನೇ ಬರೆದುಬಿಟ್ಟಿದೆ, ನಾನು ಗಮನಿಸಿಯೇ ಇರಲಿಲ್ಲ.

ರಾಧಮ್ಮನ ಕಣ್ಣು ಅಲ್ಲೇ ನಿಂತಿತು. "ಇದ್ಯಾಕೆ ಸಾಬ್ರೇ? ನಮ್ಮ ಯಜಮಾನ್ರು ಹೋದಾಗ ಅವ್ರಿಗೂ ಹಿಂಗೇ ಬರ್ದಿದ್ರಿ."

"ತಪ್ಪಾಯ್ತಮ್ಮ. ಅಳಿಸಿಕೊಡ್ತೀನಿ."

ಅವರು ಬಾಗಿಲತನಕ ಹೋಗಿ ತಿರುಗಿ ಬಂದರು. ಕೋಪವಿರಲಿಲ್ಲ, ದನಿ ತಗ್ಗಿಸಿ ಕೇಳಿದರು. "ನಿಮ್ಮ ಕಡೆಯೋರಿಂದ ಏನಾರ ಸುದ್ದಿ ಬಂದೈತಾ? ಗೊತ್ತಿದ್ರೆ ಹೇಳ್ಬುಡಿ."

ನನ್ನ ಕಡೆಯವರು ಯಾರೆಂದು ನನಗೇ ಹೊಳೆಯಲಿಲ್ಲ. ಅದನ್ನು ಯೋಚಿಸುವಷ್ಟರಲ್ಲಿ ಬಸ್ಸಿಗೆ ಹೊತ್ತಾಯಿತೆಂದು ಅವರು ಹೊರಟುಹೋದರು. ಯಾವ ಸುದ್ದಿಯೂ ಇಲ್ಲ, ಅದು ಬರೀ ಕೈಯ ರೂಢಿ ಎಂದು ಅವರ ಮನೆಗೇ ಹೋಗಿ ಹೇಳೋಣವೆಂದರೆ ಗುಬ್ಬಿ ಇಲ್ಲೇ ಹತ್ತಿರವಿದ್ದರೂ ನನಗೆ ದಾರಿಯಿಲ್ಲ.

ಆಗಿನಿಂದ ಟರ್ಪೆಂಟೈನ್ ಹಚ್ಚಿದ ಬಟ್ಟೆಯಲ್ಲಿ ಆ ಬೆಳಕನ್ನು ಒರೆಸುತ್ತಿದ್ದೇನೆ. ಬಣ್ಣ ಇನ್ನೂ ಹಸಿ. ಒರೆಸಿದಷ್ಟೂ ಬಿಳಿ ಹರಡುತ್ತಿದೆ, ಈಗ ಹುಡುಗನ ಕಿವಿ ದಾಟಿ ಭುಜದವರೆಗೂ ಬಂದಿದೆ.